ಅರಿವೆಯಲ್ಲಿ ಸೋಸಿದ ವರದಿ

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಒಂದು ಸಲ ಕುರಿ ಕಾಯುವ ಒಬ್ಬ ಹೆಂಗಸಿನ ಮೇಲೆ ಹರಿಹಾಯ್ದಿದ್ದೆ. ಅವಳದು ಖರೆ ಇತ್ತು, ನನ್ನದು ಸುಳ್ಳಿತ್ತು. ಆ ಸುಳ್ಳು ನನ್ನ ಸಹಿ ಹೊತ್ತುಕೊಂಡು ಮುಂಬಯಿಗೆ ಹೋಗಲು ಮೂರೇ ದಿನ ಬಾಕಿ ಇದ್ದಾಗ ಸಿಕ್ಕಿಬಿತ್ತು. ಈಗಲೂ ಅದನ್ನು ನೆನೆದರೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗುತ್ತದೆ. ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿ ಚಹಾಕ್ಕಿಡುತ್ತೇನೆ.

ಆಗ ನಾನು ಗೋಕಾಕದಿಂದ ಮೂಡಲಗಿಗೆ ಹೋಗುವ ರಸ್ತೆಯ ಬಾಜೂಕ್ಕಿದ್ದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ಕಾರ್ಖಾನೆಯ ಹೆಸರು ಬೇಡ, ಅದು ಆಮೇಲೆ ಕೈ ಬದಲಾಯಿಸಿ ಹೆಸರನ್ನೂ ಬದಲಾಯಿಸಿಕೊಂಡಿತು. ತೊಂಬತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಪ್ರಯೋಗಾಲಯ ಅಂದರೆ ಕಬ್ಬಿನ ಹಾಲಿನ ಸಿಹಿ ಅಳೆಯುವ ಕೋಣೆ, ಅಷ್ಟೇ. ಹೊರಗೆ ಹೋಗುವ ನೀರಿನ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ಹಿತ್ತಲ ಹೊಂಡದಲ್ಲಿ ಒಂದಿಷ್ಟು ಹೊತ್ತು ನಿಂತು, ಕಸ ತಳಕ್ಕೆ ಇಳಿದ ಮೇಲೆ ನೀರು ಹಳ್ಳಕ್ಕೆ ಹೋಗುತ್ತಿತ್ತು, ಹಳ್ಳ ಹೊಳೆಗೆ. ವರ್ಷಕ್ಕೊಮ್ಮೆ ಒಂದು ಸರಕಾರಿ ಫಾರ್ಮು ತುಂಬಿದರೆ ಮುಗಿಯಿತು.

ಹೊಸ ಶತಮಾನ ಬಂದು ನಾಲ್ಕೈದು ವರ್ಷವಾದಾಗ ಮುಂಬಯಿಯಿಂದ ಒಂದು ದಪ್ಪ ಲಕೋಟೆ ಬಂತು. ನಮ್ಮ ಸಕ್ಕರೆ ಕೊಳ್ಳುತ್ತಿದ್ದ ಬಿಸ್ಕೀಟಿನ ಕಂಪನಿಯವರು ಕಳಿಸಿದ್ದು. ಅವರ ಮಾಲು ಪರದೇಶಕ್ಕೆ ಹೋಗುತ್ತಿತ್ತು, ಪರದೇಶದವರು ಇವರನ್ನು ಕೇಳಿದ್ದರು, ಇವರು ನಮ್ಮನ್ನು ಕೇಳಿದರು. ನೀರು ಎಲ್ಲಿಂದ ತರುತ್ತೀರಿ, ಎಲ್ಲಿಗೆ ಬಿಡುತ್ತೀರಿ, ಹೊಗೆ ಎಷ್ಟು, ಹವಾಮಾನಕ್ಕೆ ನಿಮ್ಮಿಂದ ಎಷ್ಟು ಭಾರ, ಅಕ್ಕಪಕ್ಕದ ಊರಿನವರು ಏನನ್ನುತ್ತಾರೆ. ಇಷ್ಟು ದಿನ ವ್ಯಾಪಾರದ ವರದಿ ಬೇರೆ, ಹೊಗೆ ನೀರಿನ ಕಾಗದ ಬೇರೆ ಇತ್ತಲ್ಲ, ಇನ್ನು ಮೇಲೆ ಎಲ್ಲ ಸೇರಿಸಿ ಒಂದೇ ಪುಸ್ತಕ ಮಾಡಿ ಕೊಡಬೇಕು ಅಂತ ಬರೆದಿದ್ದರು. ಸುಸ್ಥಿರತಾ ವರದಿ ಅಂತ ಅದಕ್ಕೆ ಹೆಸರು.

ನಮ್ಮ ಮ್ಯಾನೇಜರು ಹುಕ್ಕೇರಿ ಕಡೆಯವರು. ಕಾರ್ಖಾನೆಯ ಒಂದೊಂದು ಬೋಲ್ಟೂ ಗೊತ್ತಿದ್ದ ಮನುಷ್ಯ, ಆದರೆ ಕಾಗದ ಕಂಡರೆ ಬೆವರುತ್ತಿದ್ದರು. ಲಕೋಟೆಯನ್ನು ನನ್ನ ಟೇಬಲ್ಲಿನ ಮೇಲಿಟ್ಟು, ಸುಸ್ಥಿರತೆ ಅಂದರೆ ಏನು ಅಂತ ಕೇಳಿದರು. ನಾಳೆಯೂ ಕಾರ್ಖಾನೆ ನಡೆಯಬೇಕು, ನಾಳೆಯೂ ಹಳ್ಳದಲ್ಲಿ ನೀರಿರಬೇಕು, ಒಂದಕ್ಕಾಗಿ ಇನ್ನೊಂದು ಸಾಯಬಾರದು, ಅಷ್ಟೇ ಅಂದೆ. ಅವರು ತಲೆ ಕೆರೆದುಕೊಂಡು, ಹಾಗಾದರೆ ಇದು ನಮ್ಮ ಅಜ್ಜ ಹೇಳುತ್ತಿದ್ದದ್ದೇ, ಅದಕ್ಕೆ ಇಷ್ಟು ದಪ್ಪ ಲಕೋಟೆ ಯಾಕೆ ಅಂದರು. ಪುಸ್ತಕ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಒಂದೊಂದು ಪುಟಕ್ಕೂ ಒಬ್ಬರು ಹೊಣೆ ಹೊತ್ತು ಸಹಿ ಮಾಡಬೇಕೆಂದು ನಿಯಮವಿತ್ತು. ನೀರಿನ ಪುಟಕ್ಕೆ ತಾವೂ ಸಹಿ ಮಾಡುತ್ತೀರಾ ಅಂತ ಕೇಳಿದರೆ, ನೀರಿಗೆ ಬಾಯಾರ ಸಹಿ ಸಾಕು ಅಂತ ಹೊರಟೇಬಿಟ್ಟರು. ಹೆಣ್ಣುಮಗಳು ಆಫೀಸಿನಲ್ಲಿ ಕೂತರೆ ನಮ್ಮ ಕಡೆ ಬಾಯಾರ ಅಂತಲೇ ಕರೆಯುವುದು.

ಆ ಚಳಿಗಾಲವಿಡೀ ನಾನು ಕಾರ್ಖಾನೆಯ ತುಂಬ ಅಲೆದೆ. ಬಾಯ್ಲರಿನವನು ನನ್ನನ್ನು ಕಂಡ ಕೂಡಲೇ, ಹೊಗೆ ತೂಗಲು ತಕ್ಕಡಿ ತಂದಿರಾ ಅಂತ ಚಾಷ್ಟಿ ಮಾಡುತ್ತಿದ್ದ. ಇದ್ದಿಲಾದರೆ ತೂಗಬಹುದು, ಕಬ್ಬಿನ ಸಿಪ್ಪೆಯನ್ನೂ ತೂಗಬಹುದು, ಅದರಿಂದ ಹೊಗೆಯ ಲೆಕ್ಕ ಬರುತ್ತದೆ ಅಂತ ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಆರುತ್ತಿತ್ತು. ಹೊಗೆಯ ಪುಟದಲ್ಲಿ ನಮ್ಮದು ಸಾಧಾರಣ. ವಿದ್ಯುತ್ತಿನ ಪುಟದಲ್ಲಿ ಪರವಾಗಿಲ್ಲ. ನೀರಿನ ಪುಟ ಮಾತ್ರ ಚಿನ್ನ.

ನೀರಿನ ಮಾದರಿ ತರುತ್ತಿದ್ದವರು ನಮ್ಮ ಪ್ರಯೋಗಾಲಯದ ಅಟೆಂಡರ್. ಎಲ್ಲರಿಗೂ ಅವರು ಕಾಕಾ. ನಾಗನೂರ ಕಡೆಯ ಜೈನರು, ನಮ್ಮ ಮನೆಯವರ ಹಾಗೆಯೇ ತಲೆತಲಾಂತರದಿಂದ ಒಕ್ಕಲುತನ ಮಾಡಿಕೊಂಡು ಬಂದವರು. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಹೊತ್ತು ಮುಳುಗುವ ಮೊದಲೇ ಊಟ, ಹುಳ ಕಂಡರೆ ದಾರಿ ಬಿಟ್ಟು ನಡಿಗೆ. ಅವರಿಗೆ ನಾನೇ ಕಲಿಸಿದ್ದೆ: ಬಾಟಲಿಯನ್ನು ಮೂರು ಸಲ ತೊಳೆಯಬೇಕು, ಹೊಂಡದ ನೀರು ಹಳ್ಳಕ್ಕೆ ಬೀಳುವ ಜಾಗದಲ್ಲೇ ತುಂಬಬೇಕು, ಬೂಚು ಹಾಕಿ ಚೀಟಿ ಅಂಟಿಸಬೇಕು. ಕಬ್ಬು ಅರೆಯುವ ಹಂಗಾಮು ಶುರುವಾದಾಗಿನಿಂದ ಒಂದು ಸೋಮವಾರವೂ ಅವರು ತಪ್ಪಿಸಲಿಲ್ಲ. ತಂದ ನೀರಿನಲ್ಲಿ ತೇಲುವ ಕಸವಂತೂ ಇಲ್ಲವೆನ್ನುವಷ್ಟು ಕಡಿಮೆ ಬರುತ್ತಿತ್ತು.

ಆಗಲೇ ನನಗೆ ಅನುಮಾನ ಬರಬೇಕಾಗಿತ್ತು. ಹೊಂಡದ ಹೂಳು ತೆಗೆದು ಎಷ್ಟೋ ವರ್ಷವಾಗಿತ್ತು. ಎರಡನೇ ಹೊಂಡ ತೋಡಬೇಕು ಅಂತ ಎಂಜಿನಿಯರು ಕೇಳಿದಾಗೆಲ್ಲ ಮ್ಯಾನೇಜರು ಮುಂದಿನ ಹಂಗಾಮಿಗೆ ನೋಡೋಣ ಅನ್ನುತ್ತಿದ್ದರು. ಕಬ್ಬು ನುರಿಯುವ ಭರದಲ್ಲಿ ಬೂದಿ, ಸಿಪ್ಪೆಯ ಪುಡಿ ಎಲ್ಲ ಆ ಹಳೆಯ ಹೊಂಡಕ್ಕೇ ಸೇರುತ್ತಿತ್ತು. ಹಾಗಿದ್ದೂ ನೀರು ಅಷ್ಟು ಚೊಕ್ಕ ಬಂದರೆ ಓದಿದವರು ಒಂದು ಗಳಿಗೆ ನಿಂತು ಯೋಚಿಸುತ್ತಾರೆ. ನಾನು ಯೋಚಿಸಲಿಲ್ಲ, ಬೀಗಿದೆ. ನನ್ನ ಪ್ರಯೋಗಾಲಯದ ಶಿಸ್ತು ಅಂದುಕೊಂಡೆ.

ಹಾಗೆ ಬೀಗುತ್ತಿದ್ದಾಗಲೇ ಅವಳು ಬಂದದ್ದು. ಮಸಗುಪ್ಪಿ ಕಡೆಯಿಂದ ಕುರಿ ಹೊಡೆದುಕೊಂಡು ಬರುತ್ತಿದ್ದ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು, ಹೆಗಲ ಮೇಲೆ ಕಂಬಳಿ. ಗೇಟಿನಲ್ಲಿ ನಿಂತು, ನೀರು ನೋಡುವ ಬಾಯಾರು ಯಾರು ಅಂತ ಕೇಳಿದಳಂತೆ. ಹೊರಗೆ ಹೋದರೆ, ಹಳ್ಳದ ನೀರನ್ನು ಕುರಿ ಕುಡಿಯುತ್ತಿಲ್ಲ, ಮೂಸಿ ನೋಡಿ ತಿರುಗುತ್ತವೆ, ಮಧ್ಯಾಹ್ನದ ಬಿಸಿಲಲ್ಲಿ ಕಾಲುವೆ ತನಕ ಹೊಡೆದುಕೊಂಡು ಹೋಗಬೇಕಾಗಿದೆ, ಮರಿಗಳು ದಾರಿಯಲ್ಲೇ ಕೂತುಬಿಡುತ್ತವೆ ಅಂದಳು. ಸಮಾಧಾನವಾಗಿಯೇ ಹೇಳಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ವಾರ ವಾರ ನೀರು ಪರೀಕ್ಷೆ ಮಾಡುವವಳು ನಾನು, ನಿನ್ನ ಕುರಿಗೇನು ಗೊತ್ತು, ರೋಗ ಬಂದಿರಬೇಕು, ಡಾಕ್ಟರಿಗೆ ತೋರಿಸು ಅಂತ ಗೇಟಿನವರ ಮುಂದೆಯೇ ಕೂಗಾಡಿದೆ. ಅವಳು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಆಗಲಿರಿ ಅಂತ ಹೊರಟುಹೋದಳು.

ಅಕ್ಕಪಕ್ಕದವರ ಅಭಿಪ್ರಾಯ ಅನ್ನುವ ಕಾಲಮಿನಲ್ಲಿ ನಾನು ಬರೆದೆ: ಯಾರಿಂದಲೂ ತಕರಾರಿಲ್ಲ. ಈ ಸಾಲು ಬರೆದ ಕೈಯನ್ನು ಈಗಲೂ ಕಡಿಯಬೇಕು ಅನ್ನಿಸುತ್ತದೆ.

ಪುಸ್ತಕ ಛಾಪಾಗಿ ಬಂತು. ಹಸಿರು ಮುಖಪುಟ, ಒಳಗೆ ನುಣುಪು ಹಾಳೆ, ನೀರಿನ ಪುಟದ ಬುಡದಲ್ಲಿ ನನ್ನ ಸಹಿ. ಮನೆಗೆ ಒಂದು ಪ್ರತಿ ಒಯ್ದು ಅವ್ವನಿಗೆ ತೋರಿಸಿದ್ದೆ. ಗುರುವಾರ ಮುಂಬಯಿಯಿಂದ ಒಬ್ಬ ತಪಾಸಣೆಯವರು ಬರುವುದಿತ್ತು. ಅವರು ಕಾರ್ಖಾನೆ ನೋಡಿ, ನಮ್ಮ ಮಾತು ನಂಬಬಹುದು ಅಂತ ಬರೆದರೆ ಪುಸ್ತಕ ಕಂಪನಿಗೆ ಹೋಗುತ್ತದೆ. ಅವರನ್ನು ಯಾವ ದಾರಿಯಲ್ಲಿ ಸುತ್ತಿಸಬೇಕು, ಒಮ್ಮೆ ನೀವೇ ನಡೆದು ನೋಡಿ ಬನ್ನಿ ಅಂತ ಮ್ಯಾನೇಜರು ನನ್ನನ್ನು ಕಳಿಸಿದರು. ಅವತ್ತು ಸೋಮವಾರ. ಕಾಕಾನ ಹಿಂದೆಯೇ ನಾನೂ ಹಳ್ಳಕ್ಕೆ ಇಳಿದೆ.

ಕಾಕಾ ಕುಕ್ಕರುಗಾಲಿನಲ್ಲಿ ಕೂತರು. ಬಾಟಲಿ ಮೂರು ಸಲ ತೊಳೆದರು. ಹೆಗಲ ಚೀಲದಿಂದ ಒಂದು ಬಿಳಿ ಅರಿವೆ ತೆಗೆದು, ಎರಡು ಮಡಿಕೆ ಮಾಡಿ ಬಾಟಲಿಯ ಬಾಯಿಗೆ ಹಾಸಿ, ಮೇಲಿಂದ ಗಿಂಡಿಯಲ್ಲಿ ನೀರು ಸುರಿದರು. ಬಾಟಲಿ ತುಂಬಿದ ಮೇಲೆ ಅರಿವೆಯನ್ನು ತಿರುವಿ ಹಳ್ಳದ ನೀರಿಗೇ ಹಗುರಾಗಿ ಜಾಲಾಡಿದರು. ನಾನು ಎರಡು ಮಾರು ದೂರದಲ್ಲಿ ನಿಂತು ಎಲ್ಲ ನೋಡಿದೆ. ಖರೆ ಹೇಳುತ್ತೇನೆ, ನನಗೇನೂ ಅನ್ನಿಸಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇ ಅದು. ನಮ್ಮ ಜೈನರ ಮನೆಗಳಲ್ಲಿ ನೀರು ತುಂಬುವುದು ಅಂದರೆ ಸೋಸಿ ಗಾಳಿಸಿಯೇ ತುಂಬುವುದು, ಅರಿವೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಎಲ್ಲಿಂದ ಬಂದವೋ ಅಲ್ಲಿಗೇ ತಿರುಗಿ ಬಿಡುವುದು. ಗಾಳಿಸದೆ ಕೊಡ ತುಂಬಿದ್ದಕ್ಕೆ ಅವ್ವನಿಂದ ಬೆನ್ನಿಗೆ ಏಟು ತಿಂದವಳು ನಾನು. ಚೀಟಿಯ ಮೇಲೆ ತಾರೀಖು ಸರಿಯಾಗಿ ಬರೀರಿ ಕಾಕಾ, ಅಂತಷ್ಟೇ ಅಂದೆ.

ಹಳ್ಳದ ಆಚೆ ದಂಡೆಯಲ್ಲಿ ಅವಳು ಕುರಿ ಹೊಡೆದುಕೊಂಡು ಕಾಲುವೆಯ ಕಡೆ ಹೊರಟಿದ್ದಳು. ನಮ್ಮನ್ನು ಕಂಡು ನಿಂತಳು. ಕೋಲಿನ ಮೇಲೆ ಗಲ್ಲ ಊರಿಕೊಂಡು ಕಾಕಾ ಮಾಡುವುದನ್ನೆಲ್ಲ ಪೂರ್ತಿ ನೋಡಿದಳು.

"ಅಕ್ಕಾರ, ನೀವು ಅರಿವಿ ಹಾಕಿ ಸೋಸಿ ಒಯ್ತೀರಿ, ಚಲೋನ ಇರತೈತಿ ಬಿಡ್ರಿ," ಅಂದಳು. "ನಮ್ಮ ಕುರಿಗೂ ಒಂದೊಂದು ಅರಿವಿ ಕೊಡ್ರಲ್ಲ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಇಡೀ ಹಂಗಾಮಿನ ಸೋಮವಾರಗಳು ಕಣ್ಣ ಮುಂದೆ ಬಂದವು. ಕಸ ಎಲ್ಲ ಆ ಬಿಳಿ ಅರಿವೆಯಲ್ಲಿ ನಿಂತು, ಜಾಲಾಡಿಸಿಕೊಂಡು, ಮರ್ಯಾದೆಯಿಂದ ಹಳ್ಳಕ್ಕೆ ಮರಳಿತ್ತು. ನಾನು ಪರೀಕ್ಷೆ ಮಾಡಿದ್ದು ಕಾಕಾನ ಧರ್ಮವನ್ನು, ಕಾರ್ಖಾನೆಯ ನೀರನ್ನಲ್ಲ.

ಯಾವಾಗಿನಿಂದ ಹೀಗೆ ಮಾಡುತ್ತೀರಿ ಅಂತ ಕಾಕಾನನ್ನು ಕೇಳಿದೆ. ಮೊದಲಿನಿಂದಲೂ ಅಂದರು. ಅವರ ಮುಖದಲ್ಲಿ ತಪ್ಪಿನ ಸುಳಿವೇ ಇರಲಿಲ್ಲ. "ಗಾಳಸದ ನೀರು ಹೆಂಗ ತುಂಬಲಿ ತಂಗಿ? ನೀನೂ ನಮ್ಮ ಮನಿ ಮಗಳ ಅಲ್ಲೇನು, ನಿನಗ ಬ್ಯಾರೆ ಹೇಳಬೇಕೇನು?" ಅಂತ ತಿರುಗಿ ನನ್ನನ್ನೇ ಕೇಳಿದರು. ಗಾಳಿಸಬೇಡಿ ಅಂತ ನಾನು ಯಾವತ್ತೂ ಹೇಳಿರಲಿಲ್ಲ.

ಇನ್ನೊಂದು ಬಾಟಲಿ ತೆಗೆದುಕೊಂಡು ನಾನೇ ನೀರಿಗೆ ಕೈ ಹಾಕಿದೆ. ಅವ್ವನ ಆ ಏಟಿನ ಮೇಲೆ ಅರಿವೆ ಇಲ್ಲದೆ ನೀರು ತುಂಬಿದ್ದು ಅವತ್ತೇ ಮೊದಲು. ಬಿ.ಎಸ್ಸಿ. ಓದಿದವಳು, ಆದರೂ ಅವ್ವ ಹಿಂದೆ ನಿಂತಿದ್ದಾಳೇನೋ ಅಂತ ಒಮ್ಮೆ ತಿರುಗಿ ನೋಡಿದೆ. ಕಾಕಾ ಮುಖ ಆಚೆ ತಿರುಗಿಸಿದರು. ಅವಳು ಮಾತ್ರ ಅಲ್ಲೇ ನಿಂತಿದ್ದಳು. ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದಾಗ ಒಳಗೆ ಬೂದಿ ಸುತ್ತುತ್ತಿತ್ತು.

ಪ್ರಯೋಗಾಲಯದಲ್ಲಿ ಎರಡೂ ಬಾಟಲಿಯ ನೀರನ್ನು ಸೋಸುಕಾಗದದಲ್ಲಿ ಇಳಿಸಿ, ಒಣಗಿಸಿ, ತೂಗಿದೆ. ಒಂದು ಕಾಗದ ಹೆಚ್ಚುಕಡಿಮೆ ಬೆಳ್ಳಗೆ, ಇನ್ನೊಂದು ಕರಿ ರೊಟ್ಟಿ. ಕಾಕಾ ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ನನ್ನಿಂದ ನಿನ್ನ ಹೆಸರು ಕೆಟ್ಟಿತಲ್ಲ ಅಂದರು. ಅವರ ಕಣ್ಣಲ್ಲಿ ನೀರು ಬಂದದ್ದು ನೋಡಿ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಒಂದು ಗಳಿಗೆ ನನ್ನ ಮನಸ್ಸೂ ಜಾರಿತು, ಮುಚ್ಚಿಡುವುದಿಲ್ಲ. ಪುಸ್ತಕ ಛಾಪಾಗಿದೆ. ಕಾಕಾ ಯಾರಿಗೂ ಹೇಳುವುದಿಲ್ಲ. ಕುರಿ ಕಾಯುವವಳಿಗೆ ಪುಸ್ತಕದಲ್ಲಿ ಏನಿದೆ ಅಂತ ಗೊತ್ತಿಲ್ಲ. ಗುರುವಾರ ಬರುವವರಿಗೆ ಒಂದು ಸೋಸಿದ ಬಾಟಲಿ ತೋರಿಸಿದರೆ ಮುಗಿಯಿತು. ಹೀಗೆಲ್ಲ ಯೋಚಿಸುತ್ತಿರುವಾಗ ಮರಿಗಳು ದಾರಿಯಲ್ಲೇ ಕೂತುಬಿಡುತ್ತವೆ ಅಂದ ಮಾತು ನೆನಪಾಯಿತು. ಆ ಕರಿ ಕಾಗದವನ್ನು ತಟ್ಟೆಯಲ್ಲಿಟ್ಟುಕೊಂಡು ಮ್ಯಾನೇಜರ ಕೋಣೆಗೆ ನಡೆದೆ.

ಅವರು ಪೂರ್ತಿ ಕೇಳಿಸಿಕೊಂಡರು. ಕೂಗಾಡುತ್ತಾರೆ ಅಂತ ಎದೆಗಟ್ಟಿ ಮಾಡಿಕೊಂಡು ಹೋಗಿದ್ದೆ, ಅವರು ದನಿ ಇನ್ನೂ ಸಣ್ಣದು ಮಾಡಿ, ಇದು ಯಾರ್ಯಾರಿಗೆ ಗೊತ್ತು ಅಂದರು.

"ಕುರಿಗೆಲ್ಲ ಗೊತ್ತೈತ್ರಿ," ಅಂದೆ.

ಅವರಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕಿಟಕಿಯ ಹೊರಗೆ ಸಾಲುಗಟ್ಟಿ ನಿಂತ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡಿದರು. ಮಾದರಿ ತರುವವನು ತಪ್ಪು ಮಾಡಿದ, ಅವನನ್ನು ಕೆಲಸದಿಂದ ತೆಗೆದಿದ್ದೇವೆ ಅಂತ ಬರೆದರೆ ನಮ್ಮ ಮರ್ಯಾದೆ ಉಳಿಯುತ್ತದೆ ಅಂತ ನಿಧಾನವಾಗಿ ಹೇಳಿದರು. ಓಡಿಹೋಗಿದ್ದ ಸಿಟ್ಟು ಆಗ ವಾಪಸು ಬಂತು, ಬಂದದ್ದೂ ಒಳ್ಳೆಯದೇ ಆಯಿತು.

"ಸಹಿ ನಂದೈತ್ರಿ ಸಾಹೇಬ್ರ. ತೆಗಿಯೂದಿದ್ರ ನನ್ನ ತೆಗೀರಿ. ಆದ್ರ ಕಾಕಾನ ಅರಿವಿ ತೆಗದ್ರ ನೀರು ಸ್ವಚ್ಛ ಆಗಂಗಿಲ್ಲ, ಹೊಂಡದ ಹೂಳು ತೆಗದ್ರ ಆಕ್ಕೈತಿ."

ಅವರು ತಟ್ಟೆಯಲ್ಲಿದ್ದ ಕಾಗದವನ್ನು ಉಗುರಿನಿಂದ ಕೆರೆದು, ಬೆರಳಿಗೆ ಅಂಟಿದ ಬೂದಿಯನ್ನು ನೋಡಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತ ತಮ್ಮಷ್ಟಕ್ಕೇ ಅಂದುಕೊಂಡು, ಏನು ಬರೆಯುತ್ತೀರೋ ಬರೀರಿ ಅಂದರು.

ಮಂಗಳವಾರ, ಬುಧವಾರ ಎರಡೂ ದಿನ ನಾನು ಕಾಕಾ ಕೂತು ಪ್ರತಿಯೊಂದು ಪುಸ್ತಕಕ್ಕೂ ಚೀಟಿ ಅಂಟಿಸಿದೆವು. ಮೈದಾದ ಅಂಟು ಕಾಯಿಸಿದವರು ಕಾಕಾ. ಅದರ ನೀರನ್ನೂ ಗಾಳಿಸಿಯೇ ಹಾಕಿದರು. ಚೀಟಿಯಲ್ಲಿ ಇದ್ದದ್ದು ಇಷ್ಟು: ಈ ಪುಟದಲ್ಲಿ ತೇಲುವ ಕಸದ ಅಂಕಿಗಳು ತಪ್ಪು. ಮಾದರಿಯನ್ನು ಅರಿವೆಯಲ್ಲಿ ಸೋಸಿ ತರಲಾಗಿತ್ತು. ಸೋಸಬಾರದೆಂದು ಹೇಳಬೇಕಾಗಿದ್ದವಳು ನಾನು, ಹೇಳಲಿಲ್ಲ. ಸೋಸದ ನೀರು ಹಳ್ಳಕ್ಕೆ ಬಿಡುವಷ್ಟು ಸ್ವಚ್ಛವಿಲ್ಲ. ತಕರಾರಿಲ್ಲ ಎಂದು ಬರೆದದ್ದೂ ತಪ್ಪು, ತಕರಾರಿದೆ, ಕುರಿಗಳು ಈ ನೀರು ಕುಡಿಯುವುದಿಲ್ಲ.

ಗುರುವಾರ ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿದವರು ವಯಸ್ಸಾದ ಒಬ್ಬ ಮರಾಠಿ ಮನುಷ್ಯ, ಕಾಲಲ್ಲಿ ಸವೆದ ಚಪ್ಪಲಿ. ಸೂಟುಬೂಟು ಬರುತ್ತದೆ ಅಂತ ಕಾಯುತ್ತಿದ್ದ ಮ್ಯಾನೇಜರು ಅವರನ್ನು ದಾಟಿ ಮುಂದೆ ಹೋಗಿದ್ದರು. ತಪಾಸಣೆಯವರು ಕಾರ್ಖಾನೆಗೆ ಬಂದು ಕರದಂಟು ಬಾಯಿಗೆ ಹಾಕಿಕೊಂಡು, ಪುಸ್ತಕ ತೆರೆದು, ಚೀಟಿ ಓದಿದರು. ಇನ್ನೊಮ್ಮೆ ಓದಿದರು. ಅವರು ನನ್ನನ್ನು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಕಾಕಾನನ್ನು ಕರೆಸಿ ಮರಾಠಿಯಲ್ಲಿ ಏನೇನೋ ಕೇಳಿದರು, ಅರಿವೆ ತರಿಸಿ ಬೆಳಕಿಗೆ ಹಿಡಿದು ನೋಡಿದರು, ಹಳ್ಳಕ್ಕೆ ನಡೆದು ಹೋಗಿ ಬಂದರು. ಆಮೇಲೆ ಮ್ಯಾನೇಜರನ್ನು ಒಂದೇ ಪ್ರಶ್ನೆ ಕೇಳಿದರು: ತಪ್ಪು ಗೊತ್ತಾಯಿತು, ಈಗ ಮುಂದೇನು?

ಮ್ಯಾನೇಜರು ನನ್ನ ಕಡೆ ನೋಡಿದರು, ಎಂಜಿನಿಯರ ಕಡೆ ನೋಡಿದರು. ಮುಂದಿನ ಹಂಗಾಮಿಗೆ ನೋಡೋಣ ಅನ್ನುವ ಮಾತು ಅವರ ತುಟಿಯ ತನಕ ಬಂದದ್ದು ನನಗೆ ಕಂಡಿತು. ಅದನ್ನು ನುಂಗಿ, ಮುಂದಿನ ಹಂಗಾಮಿಗೆ ಮೊದಲು ಹಳೆ ಹೊಂಡದ ಹೂಳು ತೆಗೆದು ಎರಡನೆಯದನ್ನು ತೋಡಿಸುತ್ತೇನೆ ಅಂದರು. ಬಂದವರು ಅದನ್ನು ಬರೆದುಕೊಂಡು, ಬರೆದದ್ದನ್ನು ಅವರಿಗೇ ಓದಿ ತೋರಿಸಿ, ಸಂಜೆಯ ರೈಲು ಹತ್ತಿದರು.

ಆಮೇಲಿನ ಮೂರು ವಾರ ನನಗೆ ಊಟ ಸೇರಲಿಲ್ಲ. ಅಂಚೆಯವನ ಸೈಕಲ್ಲು ಕಂಡರೆ ಗೇಟಿನ ತನಕ ಓಡುತ್ತಿದ್ದೆ. ಕೊನೆಗೆ ಕಾಗದ ಬಂತು. ಚೀಟಿಯ ಸಮೇತ ಪುಸ್ತಕ ಒಪ್ಪಿದ್ದೇವೆ, ಹೊಂಡವಾದ ಮೇಲೆ ಮತ್ತೆ ಬಂದು ನೋಡುತ್ತೇವೆ, ವ್ಯವಹಾರ ಮುಂದುವರಿಯಲಿ. ಅಷ್ಟೇ ಇದ್ದದ್ದು. ಪ್ರಯೋಗಾಲಯದ ಬಾಗಿಲು ಮುಂದಕ್ಕೆ ಮಾಡಿಕೊಂಡು ಮನಸಾರೆ ಅತ್ತೆ, ಅತ್ತು ಮುಗಿದ ಮೇಲೆ ಕಾಕಾ ತಂದಿಟ್ಟ ಎರಡು ಕಪ್ ಚಹಾ ಕುಡಿದೆ. ಅವತ್ತಿನಷ್ಟು ನಿರಾಳವಾಗಿ ನಾನು ಮದುವೆಯ ದಿನವೂ ಇರಲಿಲ್ಲ.

ಬೇಸಿಗೆಯಲ್ಲಿ ಹೂಳು ತೆಗೆದರು, ಮಳೆಗಾಲಕ್ಕೆ ಮೊದಲೇ ಎರಡನೇ ಹೊಂಡ ತೋಡಿದರು. ಮಾದರಿಯ ವಿಷಯದಲ್ಲಿ ಕಾಕಾ ನನ್ನೊಡನೆ ಒಂದು ಕರಾರು ಮಾಡಿಕೊಂಡರು. ಇನ್ನು ಅರಿವೆ ಹಾಕುವುದಿಲ್ಲ, ಆದರೆ ಪರೀಕ್ಷೆ ಮುಗಿದ ಮೇಲೆ ಬಾಟಲಿಯಲ್ಲಿ ಉಳಿದ ನೀರನ್ನು ತೊಟ್ಟಿಗೆ ಚೆಲ್ಲಬಾರದು, ತಮ್ಮ ಕೈಗೇ ಕೊಡಬೇಕು. ಅದನ್ನು ಅವರು ಮತ್ತೆ ಹಳ್ಳಕ್ಕೇ ಒಯ್ದು ಬಿಟ್ಟು ಬರುತ್ತಿದ್ದರು. ನಿವೃತ್ತಿಯಾಗುವ ತನಕ ಹೀಗೇ ನಡೆಯಿತು.

ಹಂಗಾಮು ಶುರುವಾಗಿ ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ಮಾದರಿ ತರಲು ಹೊರಟ ಕಾಕಾನ ಜೊತೆ ಹೋಗಿ ಹಳ್ಳದ ದಂಡೆಯಲ್ಲಿ ಅವಳಿಗಾಗಿ ಕಾದೆ. ಬಂದಳು. ಹೋದ ವರ್ಷ ಗೇಟಿನಲ್ಲಿ ಅಂದದ್ದು ನನ್ನ ತಪ್ಪು ಅಂತ ಹೇಳಿದೆ. ಈ ಮಾತು ಹೇಳಲು ಒಂದು ವರ್ಷ ಬೇಕಾಯಿತೇ ಅಂತ ಅವಳು ಕೇಳಬಹುದಾಗಿತ್ತು, ಕೇಳಲಿಲ್ಲ. ಹೊಸ ಪುಸ್ತಕದಲ್ಲಿ ಅಕ್ಕಪಕ್ಕದವರ ಅಭಿಪ್ರಾಯ ಬರೆಯಬೇಕು, ನೀರು ಈಗ ಹೇಗಿದೆ, ನೀನು ಹೇಳಿದ್ದನ್ನೇ ಬರೆಯುತ್ತೇನೆ ಅಂದೆ.

"ನನ್ನ್ಯಾಕ ಕೇಳ್ತೀರಿ," ಅಂದಳು. "ಅವನ್ನ ಕೇಳ್ರಿ."

ಕೋಲು ಎತ್ತಿ ದಾರಿ ಬಿಟ್ಟಳು. ಮುಂದಿದ್ದ ಟಗರು ಹಳ್ಳಕ್ಕಿಳಿದು ಮೂಸಿ ನೋಡಿತು. ತಲೆ ಎತ್ತಿ ಸುಮ್ಮನೆ ನಿಂತಿತು. ಕಾಕಾ ಬಾಟಲಿ ಹಿಡಿದುಕೊಂಡವರು ಹಾಗೇ ನಿಂತರು. ಟಗರು ಮತ್ತೆ ತಲೆ ಬಗ್ಗಿಸಿತು, ಬಾಯಿ ಹಚ್ಚಿತು. ಅದರ ಹಿಂದೆ ಇಡೀ ಹಿಂಡು ಇಳಿಯಿತು.

ಆ ವರ್ಷದ ಪುಸ್ತಕದಲ್ಲಿ ಅಕ್ಕಪಕ್ಕದವರ ಕಾಲಮಿನಲ್ಲಿ ಒಂದೇ ಸಾಲು ಬರೆದೆ: ಕುರಿಗಳು ಕುಡಿದವು. ಮುಂಬಯಿಯವರು ಇದು ಯಾವ ಅಳತೆ ಅಂತ ಕೇಳುತ್ತಾರೆ ಅಂತ ಎಂಜಿನಿಯರು ನಕ್ಕರು. ಮ್ಯಾನೇಜರು ಕನ್ನಡಕ ಏರಿಸಿ ನೀರಿನ ಪುಟ ಪೂರ್ತಿ ಓದಿದರು. ಬುಡದಲ್ಲಿ ನನ್ನ ಸಹಿ ಇತ್ತು. ಪೆನ್ನು ಕೇಳಿ ಇಸಿದುಕೊಂಡು, ಅದರ ಬಾಜೂಕ್ಕೆ ತಮ್ಮದನ್ನೂ ಹಾಕಿದರು.